ಬಿಸಿಲಿದ್ದರೂ ಕರೆಂಟಿಲ್ಲ!

ಮನೆ ತಾರಸಿಗೆ 3 ಕಿಲೋವಾಟ್ ಸೋಲಾರ್ ಹಾಕಿಸಿದರೆ 78,000 ರೂ. ಸಬ್ಸಿಡಿ. 2024ರಲ್ಲಿ ಕೇಂದ್ರ ತಂದ ಸೂರ್ಯಘರ್ ಯೋಜನೆ ಇದು. ಮನೆಗೆ ಮಾತ್ರ, ಅಂಗಡಿಗಿಲ್ಲ. ಸರಿಯೇ. ಆದರೆ ಬ್ಯಾಟರಿಯಿಲ್ಲದ ಸೋಲಾರ್, ಲೈನ್ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ಲ! ನಡುಮಧ್ಯಾಹ್ನ ಬಿಸಿಲು ಸುಡುತ್ತಿದ್ದರೂ ಫ್ಯಾನ್ ತಿರುಗದು. ಮಾರುವವರು ಇದನ್ನು ಮೊದಲೇ ಹೇಳಬೇಡವೇ?

2023ರ ಗೃಹಜ್ಯೋತಿಯಿಂದ ಸೊನ್ನೆ ಬಿಲ್ ಬರುವ ಮನೆಯವರಿಗಂತೂ ಉಳಿತಾಯವೇನು? ಅಂಥವರು ಬಿಸಿನೀರಿನ ಸೋಲಾರ್ ಹಾಕಿಸಿಕೊಳ್ಳಲಿ. ಸೌದೆ, ಗ್ಯಾಸ್ ಖರ್ಚಾದರೂ ತಗ್ಗೀತು. ಮೋಡದ ದಿನ ಮಾತ್ರ ಹಂಡೆ ಒಲೆಯೇ ಗತಿ. ನಾಲ್ಕು ದನ ಕಟ್ಟಿದವರಿಗೆ ಗೋಬರ್ ಗ್ಯಾಸೇ ವಾಸಿ.

ಕರೆಂಟ್ ಹೋದರೆ ಸೋಲಾರೂ ನಿಲ್ಲುತ್ತದೆಂದು ಬಿಲ್ ಕಟ್ಟುವ ಕೌಂಟರಿನಲ್ಲಾದರೂ ವಿದ್ಯುತ್ ಕಂಪನಿಯವರು ಕನ್ನಡದಲ್ಲೊಂದು ಬೋರ್ಡು ತೂಗುಹಾಕಲಿ.