ಮಕ್ಕಳ ಕ್ಯಾನ್ಸರ್ ಡೇಟಾ ಓದೋರು ಯಾರು?

ಪ್ಲೇಸ್‌ಮೆಂಟ್ ಸೀಸನ್ ಶುರುವಾದ್ರೆ ನಮ್ಮಲ್ಲಿ ಕೇಳಿಬರೋ ಕೆಲಸಗಳು ಮೂರೋ ನಾಲ್ಕೋ: ಡೆವಲಪರ್, ಟೆಸ್ಟರ್, ಡೇಟಾ ಅನಲಿಸ್ಟ್. ಡೇಟಾ ಯಾರದು ಅಂತ ಮಾತ್ರ ಯಾರೂ ಕೇಳೋದಿಲ್ಲ. ಬ್ಯಾಂಕಿನದಿರಬಹುದು. ರಕ್ತದ ಕ್ಯಾನ್ಸರ್ ಬಂದ ಐದು ವರ್ಷದ ಮಗುವಿನದೂ ಇರಬಹುದು. ಆ ಎರಡನೇ ಡೇಟಾ ಓದುವವರೇ ಬಯೋಇನ್ಫರ್ಮ್ಯಾಟಿಕ್ಸ್ ಅನಲಿಸ್ಟ್‌ಗಳು. ನಮ್ಮ ಕಡೆಯವರು ಈ ಕೆಲಸಕ್ಕೆ ಹೋಗಬೇಕು ಅನ್ನೋದು ನನ್ನ ವಾದ. ಸಂಬಳ ಐಟಿ ಕಂಪನಿಯಷ್ಟೇ ಸಿಗುತ್ತೆ ಅಂತ ಮಾತು ಕೊಡಲಾರೆ.

ಕೆಲಸ ಏನು? ಗಡ್ಡೆಯ ಅಥವಾ ರಕ್ತದ ಜೀವಕೋಶಗಳ ಡಿಎನ್‌ಎಯನ್ನು ಯಂತ್ರ ಕೋಟಿಗಟ್ಟಲೆ ತುಣುಕುಗಳಾಗಿ ಓದಿಕೊಡುತ್ತೆ. ಅವನ್ನು ಸುಮಾರು 300 ಕೋಟಿ ಅಕ್ಷರಗಳ ಮಾದರಿ ಜೀನೋಮ್ ಪಕ್ಕ ಜೋಡಿಸಿ, ಎಲ್ಲಿ ಅಕ್ಷರ ಬದಲಾಗಿದೆ ಅಂತ ಹುಡುಕಬೇಕು. ಹುಟ್ಟಿನಿಂದಲೇ ಇರೋ ನಿರುಪದ್ರವಿ ವ್ಯತ್ಯಾಸಗಳೇ ಲಕ್ಷಗಟ್ಟಲೆ ಸಿಗುತ್ತವೆ. ಅವನ್ನೆಲ್ಲ ಬದಿಗೆ ಸರಿಸಬೇಕು. ದಿನದ ಬಹುಪಾಲು ಫೈಲ್ ಸರಿಮಾಡೋದರಲ್ಲೇ ಹೋಗುತ್ತೆ. ಎರಡು ಸ್ಯಾಂಪಲ್‌ಗಳ ಲೇಬಲ್ ಅದಲುಬದಲಾದರೆ ಯಾವ ಅಲ್ಗಾರಿದಮ್ಮೂ ಕಾಪಾಡೋದಿಲ್ಲ.

ಇದರಿಂದ ಮಗುವಿಗೇನು ಲಾಭ? ಒಂದು ಉದಾಹರಣೆ ಸಾಕು. ಮಕ್ಕಳಲ್ಲಿ ಅತಿ ಹೆಚ್ಚು ಕಾಣೋ ಕ್ಯಾನ್ಸರ್ ಅಂದ್ರೆ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಅದಕ್ಕೆ ತಿಂಗಳುಗಟ್ಟಲೆ, ಮನೆಯಲ್ಲೇ, ದಿನಾ ನುಂಗಬೇಕಾದ ಮಾತ್ರೆ ಮರ್ಕಾಪ್ಟೊಪ್ಯೂರಿನ್. 1950ರ ದಶಕದ ಹಳೇ ಔಷಧ. ಕೆಲವು ಮಕ್ಕಳಿಗೆ ಮಾಮೂಲಿ ಪ್ರಮಾಣವೇ ವಿಷವಾಗಿ ಬಿಳಿ ರಕ್ತಕಣಗಳು ಕುಸಿಯುತ್ತವೆ. ಯಾರಿಗೆ ಹೀಗಾಗುತ್ತೆ ಅಂತ ಮೊದಲೇ ತಿಳಿಯಲು ಪಾಶ್ಚಾತ್ಯರು ಟಿಪಿಎಂಟಿ ಅನ್ನೋ ಜೀನ್ ನೋಡ್ತಿದ್ದರು. ಏಷ್ಯಾದ ಎಷ್ಟೋ ರೋಗಿಗಳಲ್ಲಿ ಆ ಜೀನ್ ಸರಿಯಾಗೇ ಇರ್ತಿತ್ತು, ಆದರೂ ಕಣಗಳು ಕುಸೀತಿದ್ದವು. 2014ರಲ್ಲಿ ಕೊರಿಯಾದ ಸಂಶೋಧಕರು, ಕರುಳಿನ ಕಾಯಿಲೆಗೆ ಇದೇ ಜಾತಿಯ ಔಷಧ ತಗೊಳ್ಳುತ್ತಿದ್ದವರಲ್ಲಿ, ಎನ್‌ಯುಡಿಟಿ15 ಅನ್ನೋ ಇನ್ನೊಂದು ಜೀನ್‌ನ ಒಂದೇ ಒಂದು ಅಕ್ಷರ ಬದಲಾಗಿರೋದನ್ನು ಹಿಡಿದರು. ಸಿ ಇರಬೇಕಾದಲ್ಲಿ ಟಿ. ಮರುವರ್ಷ ಲ್ಯುಕೇಮಿಯಾ ಮಕ್ಕಳಲ್ಲೂ ಅದು ಖಚಿತವಾಯ್ತು: ತಂದೆ, ತಾಯಿ ಇಬ್ಬರಿಂದಲೂ ಆ ಟಿ ಬಂದ ಮಕ್ಕಳು ತಾಳಿಕೊಂಡದ್ದು ಸರಾಸರಿ 8% ಪ್ರಮಾಣವನ್ನಷ್ಟೇ. ಯುರೋಪ್ ಮೂಲದವರಲ್ಲಿ ಈ ಬದಲಾವಣೆ ತೀರಾ ಅಪರೂಪ, ಪೂರ್ವ ಏಷ್ಯಾದಲ್ಲೂ ನಮ್ಮ ಉಪಖಂಡದಲ್ಲೂ ಅಲ್ಲ. ಯುರೋಪಿನ ಡೇಟಾ ಮಾತ್ರ ನೋಡ್ತಾ ಕೂತಿದ್ದರೆ ಅದು ಕಣ್ಣಿಗೇ ಬೀಳ್ತಿರಲಿಲ್ಲ.

'ಆಸ್ಪತ್ರೆಯೇ ಇಲ್ಲದ ಜಿಲ್ಲೆಗೆ ಜೀನೋಮ್ ಕಟ್ಟಿಕೊಂಡು ಏನಾಗಬೇಕು?' ಅಂತ ನೀವು ಕೇಳಬಹುದು. ಕೇಳಲೇಬೇಕು. ಉತ್ತರ ಕನ್ನಡಕ್ಕೆ ದೊಡ್ಡಾಸ್ಪತ್ರೆ ಬೇಕು ಅಂತ 2022ರಲ್ಲಿ ಜಾಲತಾಣ ತುಂಬಾ ಕೂಗಿದವರು ನಾವೇ ತಾನೆ? ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ 80%ಗೂ ಹೆಚ್ಚು ಗುಣವಾಗ್ತಾರೆ, ಬಡ ದೇಶಗಳಲ್ಲಿ 30%ಗಿಂತ ಕಡಿಮೆ. ಈ ಅಂತರ ಕೋಡ್ ಬರೆದು ಮುಚ್ಚೋದಲ್ಲ. ತಡವಾಗಿ ಗೊತ್ತಾಗೋದು, ದುಡ್ಡಿಲ್ಲದೆ ಚಿಕಿತ್ಸೆ ಅರ್ಧಕ್ಕೆ ಬಿಡೋದು, ದೂರ, ಇವೇ ಕಾರಣ.

ಆದರೆ ಆ ದೂರವನ್ನೇ ಒಮ್ಮೆ ಲೆಕ್ಕ ಹಾಕಿ. ದೇವಬಾಗದ ಮಗುವಿಗೆ ಲ್ಯುಕೇಮಿಯಾ ಬಂತು ಅಂದುಕೊಳ್ಳಿ. ಕಾಳಿ ಸೇತುವೆ ದಾಟಿ ಕಾರವಾರಕ್ಕೆ ಬರಬೇಕು (ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಹೊಳೆಗೆ ಬಿದ್ದದ್ದು ಮರೆತಿಲ್ಲ ತಾನೆ). ಅಲ್ಲಿಂದ ಮಣಿಪಾಲ 200 ಕಿ.ಮೀ. ಆಸುಪಾಸು, ಬೆಂಗಳೂರಿನ ಕಿದ್ವಾಯಿ 500 ಕಿ.ಮೀ.ಗೂ ಹೆಚ್ಚು. ಆಸ್ಪತ್ರೆ ಪಕ್ಕದಲ್ಲೇ ಇರೋ ಮಗುವಿಗೆ ಮಾತ್ರೆ ಜಾಸ್ತಿಯಾದರೆ ವಾರದ ರಕ್ತಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೆ. ಮಳೆಗಾಲದಲ್ಲಿ ದೇವಬಾಗದ ಮನೆಯಲ್ಲಿ ಕಣ ಕುಸಿದು ಜ್ವರ ಬಂದ್ರೆ? ಆಸ್ಪತ್ರೆ ದೂರ ಇದ್ದಷ್ಟೂ ಆ ಒಂದು ಅಕ್ಷರ ಮೊದಲೇ ಗೊತ್ತಿರಬೇಕು. ಆಸ್ಪತ್ರೆ ಬೇಕೋ ಜೀನೋಮ್ ಬೇಕೋ ಅನ್ನೋ ಜಗಳವೇ ನನಗೆ ಅರ್ಥ ಆಗಲ್ಲ.

ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವದ ಜೀನೋಮ್ ಇಂಡಿಯಾ ಯೋಜನೆ 2025ರ ಜನವರಿಯಲ್ಲಿ 10,000 ಭಾರತೀಯರ ಡೇಟಾ ಸಂಶೋಧಕರಿಗೆ ತೆರೆದಿದೆ. ಅದನ್ನು ಓದೋಕೆ ಜನ ಬೇಕು. ಎಲೆಕ್ಟ್ರಾನಿಕ್ ಸಿಟಿಯ ಐಬಿಎಬಿಯಲ್ಲಿ ಇದನ್ನೇ ಕಲಿಸ್ತಾರೆ. ಲಿನಕ್ಸ್, ಪೈಥಾನ್, ಸಂಖ್ಯಾಶಾಸ್ತ್ರ ಬಂದ್ರೆ ಅರ್ಧ ದಾರಿ ಬಂದ ಹಾಗೆ. ಪಿಯುಸಿಯಲ್ಲಿ ಬಿಟ್ಟ ಬಯಾಲಜಿಯನ್ನು ಮತ್ತೆ ಓದಬೇಕಾಗುತ್ತೆ, ಅದು ನಿಜ.

ಈ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ಇನ್ನೊಂದು ಹಾಜರಾತಿ ಆ್ಯಪ್ ಮಾಡೋ ಬದಲು, ಯಾರು ಬೇಕಾದ್ರೂ ಇಳಿಸಿಕೊಳ್ಳಬಹುದಾದ '1000 ಜೀನೋಮ್ಸ್' ಡೇಟಾ ತಗೊಂಡು, ಆ ಟಿ ಯಾವ ಗುಂಪಿನಲ್ಲಿ ಎಷ್ಟಿದೆ ಅಂತ ಒಂದು ಪಟ್ಟಿ ಮಾಡಿ. ಲ್ಯಾಪ್‌ಟಾಪ್ ಸಾಕು. ನಮ್ಮ ಉಪಖಂಡದ ಗುಂಪುಗಳು ಅದರಲ್ಲಿ ಐದು ಸಿಗುತ್ತವೆ: ಗುಜರಾತಿ, ಪಂಜಾಬಿ, ಬಂಗಾಳಿ, ತೆಲುಗು, ಶ್ರೀಲಂಕಾದ ತಮಿಳು. ಕನ್ನಡದವರದೂ ಇಲ್ಲ, ಕೊಂಕಣಿಯವರದೂ ಇಲ್ಲ.