ಹಲ್ಲು ಹಚ್ಚದ ಹೋರಿ ಮಾರುವವರು

"ಕಪ್ ಬಂತಲ್ಲೋ ಯಪ್ಪಾ, ಇನ್ನೇನ ನಿಂದು ತಕರಾರು?"

ಆರ್‌ಸಿಬಿ ಬಗ್ಗೆ ಬಾಯಿ ತೆರೆದರೆ ಸಾಕು, ಗೆಳೆಯರು ಈ ಒಂದು ಮಾತಿನಿಂದ ಬಾಯಿ ಮುಚ್ಚಿಸುತ್ತಾರೆ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ, ಹದಿನೆಂಟನೇ ಸೀಸನ್ನಿನಲ್ಲಿ ಕೊನೆಗೂ ಕಪ್ ಎತ್ತಿದ್ದಾಯಿತು. ಆವತ್ತು ಆಡಿದವರಲ್ಲಿ ಕರ್ನಾಟಕದ ಆಟಗಾರ ಒಬ್ಬನೇ, ಮಯಾಂಕ್ ಅಗರ್ವಾಲ್. ಅವನೂ ಹರಾಜಿನಲ್ಲಿ ಯಾರೂ ಕೊಳ್ಳದೆ ಉಳಿದು, ದೇವದತ್ತ ಪಡಿಕ್ಕಲ್‌ಗೆ ಪೆಟ್ಟಾದ ಮೇಲೆ ಬದಲಿಯಾಗಿ ಬಂದವನು. ಇದರಿಂದ ಗೆಳೆಯರು ತೆಗೆಯುವ ಲೆಕ್ಕ ಏನೆಂದರೆ, ಎಳೆ ಹುಡುಗರನ್ನು ಸಾಕುತ್ತ ಕೂಡುವುದು ದಂಡ, ಬೆಳೆದು ನಿಂತವರನ್ನು ದುಡ್ಡು ಕೊಟ್ಟು ತರುವುದೇ ಜಾಣತನ, ಕಪ್ಪೇ ಅದಕ್ಕೆ ಸಾಕ್ಷಿ.

ನಾನು ಒಪ್ಪುವುದಿಲ್ಲ. ಕಪ್ ಬಂದ ಖುಷಿ ನನಗೂ ಇದೆ, ಆದರೆ ಅದು ಬಂದದ್ದು ಈ ಲೆಕ್ಕದಿಂದ ಅಲ್ಲ.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ, ಇಲ್ಲದಿದ್ದರೆ ಎಲ್ಲರೂ ಅಲ್ಲೇ ಜಗಳಕ್ಕೆ ನಿಲ್ಲುತ್ತೀರಿ. ತಂಡದಲ್ಲಿ ಇಷ್ಟು ಜನ ಕನ್ನಡಿಗರೇ ಇರಬೇಕು ಎಂಬ ಕೋಟಾ ವಾದ ನನ್ನದಲ್ಲ. ನನ್ನ ವಾದಕ್ಕೆ ದೊಡ್ಡ ಸಾಕ್ಷಿಯೇ ದಿಲ್ಲಿಯ ಹುಡುಗ. 2008ರಲ್ಲಿ ಅಂಡರ್-19 ಹುಡುಗರನ್ನು ಹಂಚಿಕೊಳ್ಳುವಾಗ ದಿಲ್ಲಿಯವರು ತಮ್ಮದೇ ಊರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಪ್ರದೀಪ್ ಸಾಂಗ್ವಾನ್ ಎಂಬ ಬೌಲರನ್ನು ತೆಗೆದುಕೊಂಡರು, ಕೊಹ್ಲಿ ಬೆಂಗಳೂರಿಗೆ ಬಂದ. ಮೊದಲ ಸೀಸನ್ನಿನಲ್ಲಿ ಅವನು ಹೊಡೆದದ್ದು 165 ರನ್. 2009ರಲ್ಲಿ 246. 2010ರಲ್ಲಿ 307. ಇವತ್ತಿನ ಲೆಕ್ಕದಲ್ಲಿ ಮೂರು ವರ್ಷ "ಫ್ಲಾಪ್". ಆದರೂ 2011ರ ದೊಡ್ಡ ಹರಾಜಿಗೆ ಮುಂಚೆ ಆರ್‌ಸಿಬಿ ಉಳಿಸಿಕೊಂಡ ಒಬ್ಬನೇ ಆಟಗಾರ ಅವನು. ಆ ವರ್ಷ 557 ಹೊಡೆದ. ಕಪ್ ಗೆದ್ದ ರಾತ್ರಿ ನೀವೆಲ್ಲ ಟೀವಿ ಮುಂದೆ ಕೂತು ಯಾರ ಕಣ್ಣೀರು ನೋಡಿ ಅತ್ತಿರೋ, ಆ ಮನುಷ್ಯ ಆರ್‌ಸಿಬಿ ಮಾರದೇ ಉಳಿಸಿಕೊಂಡ ಎಳೆ ಹುಡುಗ! ಹದಿನೆಂಟು ವರ್ಷದಲ್ಲಿ ಆ ತಂಡ ಮಾಡಿದ ಅತಿ ಒಳ್ಳೆಯ ವ್ಯವಹಾರ ಅಂದರೆ ಮಾಡದೇ ಬಿಟ್ಟ ವ್ಯವಹಾರ. ಹೀಗಿರುವಾಗ ಅದೇ ಕಪ್ ತೋರಿಸಿ "ಹುಡುಗರು ಬೇಡ" ಎನ್ನುವುದು ಹೇಗೆ?

ನಮ್ಮ ಕಡೆ ದನದ ಪೇಟೆಗೆ ಹೋದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಖಿಲಾರಿ ಹೋರಿ ಕೊಳ್ಳುವವ ಬೆಲೆ ಮಾತಾಡುವ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹಲ್ಲು ಹಚ್ಚದ್ದು, ಎರಡು ಹಲ್ಲಿಂದು, ನಾಲ್ಕು ಹಲ್ಲಿಂದು, ಬಾಯಿಗೂಡಿದ್ದು ಅಂತ ಲೆಕ್ಕ. ಹಲ್ಲು ಹಚ್ಚದ ಹೋರಿಗೆ ನೊಗದ ರೂಢಿ ಇರುವುದಿಲ್ಲ. ಮೇವು ಹಾಕಬೇಕು, ತಿದ್ದಬೇಕು, ಮೊದಮೊದಲು ಸಾಲು ಸೊಟ್ಟ ಹೊಡೆದರೆ ಸುಮ್ಮನಿರಬೇಕು. ಮನೆಯಲ್ಲಿ ಮದುವೆ, ದವಾಖಾನೆ ಅಂತ ಅಡಚಣೆ ಬಂದ ರೈತ ಅದನ್ನು ಮಾರಿದರೆ ಯಾರೂ ಆಡಿಕೊಳ್ಳುವುದಿಲ್ಲ. ಆದರೆ ಹಿತ್ತಲಲ್ಲಿ ಬಣವಿ ತುಂಬ ಮೇವಿದ್ದೂ ಹಲ್ಲು ಹಚ್ಚದ ಹೋರಿ ಮಾರಿ, ಅದೇ ಸಂತೆಯಲ್ಲಿ ನಾಲ್ಕು ಪಟ್ಟು ಕೊಟ್ಟು ಬಾಯಿಗೂಡಿದ ಎತ್ತು ತರುವವನನ್ನು ಊರು ಏನನ್ನುತ್ತದೆ? ನಾನು ಇಲ್ಲಿ ಬರೆಯುವಂತಿಲ್ಲ :)

2014 ನೋಡಿ. ನನ್ನ ಹೊಟ್ಟೆಯುರಿ ಎಲ್ಲ ಆ ಒಂದು ವರ್ಷದಲ್ಲಿದೆ.

ಫೆಬ್ರವರಿ ಮೊದಲ ವಾರಕ್ಕೆ ಕರ್ನಾಟಕ ರಣಜಿ ಗೆದ್ದಿತ್ತು, ಅದೂ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ. (ಗಡಿಯಲ್ಲಿ ಕೂತ ನಮಗೆ ಅದರ ರುಚಿ ಸ್ವಲ್ಪ ಹೆಚ್ಚೇ, ಮೀರಜ್ ಕಡೆಯ ಗೆಳೆಯರು ಕ್ಷಮಿಸಬೇಕು.) ಆ ಸೀಸನ್ನಿನಲ್ಲಿ ಕೆ.ಎಲ್. ರಾಹುಲ್ ಹೊಡೆದದ್ದು 1033 ರನ್. ಕರುಣ್ ನಾಯರ್ ಶತಕದ ಮೇಲೆ ಶತಕ ಹಾಕಿದ. ಹತ್ತು ದಿನ ಕಳೆದು, ಫೆಬ್ರವರಿ 12 ಮತ್ತು 13ರಂದು ಐಪಿಎಲ್ ಹರಾಜು. ಎಲ್ಲಿ? ಬೆಂಗಳೂರಿನಲ್ಲೇ! ರಾಹುಲ್, ಕರುಣ್, ಮಯಾಂಕ್ ಮೂವರೂ ಅಲ್ಲಿಯವರೆಗೆ ಆರ್‌ಸಿಬಿ ಹುಡುಗರು, ಮೂವರಿಗೂ ಇಪ್ಪತ್ತೊಂದು ಇಪ್ಪತ್ತೆರಡು ವಯಸ್ಸು. ರಾಹುಲ್ 1 ಕೋಟಿಗೆ ಹೈದರಾಬಾದಿಗೆ ಹೋದ, ಕರುಣ್ 75 ಲಕ್ಷಕ್ಕೆ ರಾಜಸ್ಥಾನಕ್ಕೆ, ಮಯಾಂಕ್ 1.6 ಕೋಟಿಗೆ ದಿಲ್ಲಿಗೆ. ಮೂವರದೂ ಕೂಡಿಸಿದರೆ ಮೂರೂವರೆ ಕೋಟಿ ಆಗುವುದಿಲ್ಲ. ಅದೇ ಹರಾಜಿನಲ್ಲಿ ಆರ್‌ಸಿಬಿ ಯುವರಾಜ್ ಸಿಂಗ್‌ಗೆ ಕೊಟ್ಟದ್ದು 14 ಕೋಟಿ. ಯುವರಾಜ್ ಮೇಲೆ ನನಗೆ ಸಿಟ್ಟಿಲ್ಲ, 2011ರ ವಿಶ್ವಕಪ್ ಮರೆಯುವವನಲ್ಲ ನಾನು. ಆದರೆ ಆ ವರ್ಷ ಆರ್‌ಸಿಬಿ ಏಳನೇ ಸ್ಥಾನಕ್ಕೆ ಬಿತ್ತು, ಒಂದೇ ಸೀಸನ್ನಿಗೆ ಯುವರಾಜನನ್ನೂ ಬಿಟ್ಟರು. ಹೋರಿಯೂ ಹೋಯಿತು, ಎತ್ತೂ ಉಳಿಯಲಿಲ್ಲ.

ಇನ್ನು ಆ ವರ್ಷದ ಫೈನಲ್. ಜೂನ್ 1, ಚಿನ್ನಸ್ವಾಮಿ ಮೈದಾನ. ಕೋಲ್ಕತ್ತ 200ರ ಬೆನ್ನು ಹತ್ತಿತ್ತು. 50 ಎಸೆತಕ್ಕೆ 94 ಹೊಡೆದು ಕಪ್ ಕೊಡಿಸಿದವನು ಮನೀಶ್ ಪಾಂಡೆ. 2009ರಲ್ಲಿ, ಹತ್ತೊಂಬತ್ತರ ವಯಸ್ಸಿಗೆ, ಸೆಂಚುರಿಯನ್‌ನಲ್ಲಿ 114 ನಾಟೌಟ್ ಹೊಡೆದು ಐಪಿಎಲ್‌ನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯ ಎನಿಸಿಕೊಂಡಾಗ ಅವನ ಮೈಮೇಲಿದ್ದದ್ದು ಆರ್‌ಸಿಬಿ ಅಂಗಿ. ಅದೇ ಕೋಲ್ಕತ್ತ ತಂಡದ ರಾಬಿನ್ ಉತ್ತಪ್ಪ 660 ರನ್ ಮಾಡಿ ಆರೆಂಜ್ ಕ್ಯಾಪ್ ತೊಟ್ಟ. 2009ರಲ್ಲಿ ಜಹೀರ್ ಖಾನನನ್ನು ಮುಂಬೈಗೆ ಕೊಟ್ಟು ಬದಲಿಗೆ ತಂದ ಹುಡುಗ ಅವನು. ಐಪಿಎಲ್‌ನ ಮೊದಮೊದಲ ಅದಲು-ಬದಲುಗಳಲ್ಲಿ ಅದೊಂದು, ಬೆಂಗಳೂರಿಗೆ ಒಳ್ಳೆಯದೇ ಆಗಿತ್ತು. ಎರಡು ಸೀಸನ್ ಆಡಿಸಿ 2011ರಲ್ಲಿ ಬಿಟ್ಟರು, ಪಾಂಡೆಯ ಜೊತೆ ಅವನೂ ಪುಣೆಗೆ ಹೋದ. ನಮ್ಮ ಮನೆ ಅಂಗಳದಲ್ಲಿ ನಮ್ಮ ಹುಡುಗರು ಬೇರೆಯವರಿಗೆ ಕಪ್ ಕೊಟ್ಟರು, ನಾವು ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ಟಿದೆವು.

ಪಾಠ ಕಲಿತರೇ? 2016ರಲ್ಲಿ ರಾಹುಲನನ್ನು ಹೈದರಾಬಾದಿನಿಂದ ವಾಪಸು ತಂದರು. 397 ರನ್ ಹೊಡೆದ, ತಂಡ ಫೈನಲ್‌ಗೆ ಹೋಯಿತು. ಮುಂದಿನ ವರ್ಷ ಭುಜದ ಪೆಟ್ಟಿನಿಂದ ಆಡಲಿಲ್ಲ. 2018ರ ಹರಾಜಿಗೆ ಮುಂಚೆ ಕೊಹ್ಲಿ, ಡಿವಿಲಿಯರ್ಸ್ ಜೊತೆ ಮೂರನೆಯವನಾಗಿ ಉಳಿಸಿಕೊಂಡದ್ದು ಸರ್ಫರಾಜ್ ಖಾನನನ್ನು. ರಾಹುಲ್ 11 ಕೋಟಿಗೆ ಪಂಜಾಬಿಗೆ ಹೋದ. ಹಳೆಯ ಆಟಗಾರರನ್ನು ಅದೇ ಬೆಲೆಗೆ ಮರಳಿ ಪಡೆಯುವ ಎರಡು ಕಾರ್ಡು ಆರ್‌ಸಿಬಿ ಕೈಯಲ್ಲಿದ್ದವು. ಒಂದನ್ನು ಚಾಹಲ್‌ಗೆ ಬಳಸಿದರು, ಸರಿ. ಇನ್ನೊಂದನ್ನು ಬಳಸಿದ್ದು ಪವನ್ ನೇಗಿಗೆ! ಮುಂದೆ ರಾಹುಲ್ ಹೊಡೆದದ್ದು ಕೇಳಿ: 2018ರಲ್ಲಿ 659, 2019ರಲ್ಲಿ 593, 2020ರಲ್ಲಿ 670, 2021ರಲ್ಲಿ 626. ಆ ಮೊದಲ ಎರಡು ವರ್ಷ ಆರ್‌ಸಿಬಿ ಆರನೆಯದು, ಆಮೇಲೆ ಕಟ್ಟಕಡೆಯದು.

ಸರ್ಫರಾಜ್ ಆಗ ಇಪ್ಪತ್ತರ ಹುಡುಗ, ಹಾಗಾಗಿ "ನೋಡು, ಎಳೆಯವನನ್ನೇ ಉಳಿಸಿದರಲ್ಲ" ಎಂದು ಯಾರಾದರೂ ಹೇಳಬಹುದು. ಉಳಿಸಿ ಮಾಡಿದ್ದೇನು? ಒಂದು ಸೀಸನ್ನಿನಲ್ಲಿ ಏಳು ಪಂದ್ಯ ಆಡಿಸಿ ಕೈಬಿಟ್ಟರು. ಆ ಹುಡುಗ ಮುಂಬೈ ರಣಜಿಯಲ್ಲಿ ರನ್ನಿನ ರಾಶಿ ಹಾಕಿ, 2024ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಟೆಸ್ಟಿನಲ್ಲಿ 150 ಹೊಡೆದ. ಅದೂ ಚಿನ್ನಸ್ವಾಮಿಯಲ್ಲೇ. ಈ ರೋಗಕ್ಕೆ ಭಾಷೆಯ ಭೇದವಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ಎದುರಿನವರ ಮಾತಿನಲ್ಲೂ ಹುರುಳಿದೆ, ಇಲ್ಲವೆನ್ನುವುದಿಲ್ಲ. ಮೂರ್ನಾಲ್ಕು ವರ್ಷಕ್ಕೊಮ್ಮೆ ದೊಡ್ಡ ಹರಾಜು ಬಂದು ಎಲ್ಲರನ್ನೂ ಬಿಡಿಸಿಬಿಡುತ್ತದೆ, ಉಳಿಸಿಕೊಳ್ಳಲು ಸಿಗುವುದು ನಾಲ್ಕಾರು ಜಾಗ. ರಾಹುಲ್ ಅಷ್ಟು ರನ್ ಹೊಡೆದ ನಾಲ್ಕು ವರ್ಷವೂ ಪಂಜಾಬ್ ಪ್ಲೇಆಫ್ ಮುಖ ನೋಡಲಿಲ್ಲ, ಅದೂ ನಿಜ. ಆದರೆ ನಿಯಮ ಎಲ್ಲ ತಂಡಕ್ಕೂ ಒಂದೇ. ಅದೇ ನಿಯಮದಲ್ಲಿ ಮುಂಬೈನವರು ಬುಮ್ರಾನನ್ನು 2013ರಿಂದ ಬಿಟ್ಟುಕೊಟ್ಟಿಲ್ಲ.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಈ ಜಗಳ ಪ್ರತಿ ಬೇಸಿಗೆಯಲ್ಲೂ ನಡೆಯುತ್ತದೆ. ಸೀಸನ್ ಮಧ್ಯದಲ್ಲೇ ತಂಡಗಳು ಆಟಗಾರರನ್ನು ಅದಲು-ಬದಲು ಮಾಡುತ್ತವೆ. ಈ ವರ್ಷ ಗೆಲ್ಲುವ ಆಸೆಯಿದ್ದವರು ತಮ್ಮ ಎಳೆ ಹುಡುಗರನ್ನು ಕೊಟ್ಟು ಪಳಗಿದವರನ್ನು ತರುತ್ತಾರೆ. 1987ರ ಆಗಸ್ಟಿನಲ್ಲಿ ಡೆಟ್ರಾಯಿಟ್ ತಂಡ ಡಾಯ್ಲ್ ಅಲೆಕ್ಸಾಂಡರ್ ಎಂಬ ಹಳೆಯ ಹುಲಿಯನ್ನು ತಂದಿತು. ಅವನು ಆ ಸೀಸನ್ನಿನಲ್ಲಿ ಒಂಬತ್ತಕ್ಕೆ ಒಂಬತ್ತೂ ಗೆದ್ದುಕೊಟ್ಟ, ಆದರೆ ತಂಡ ಮುಂದಿನ ಸುತ್ತಿನಲ್ಲಿ ಸೋತಿತು. ಬದಲಿಗೆ ಕೊಟ್ಟ ಇಪ್ಪತ್ತರ ಹುಡುಗ ಜಾನ್ ಸ್ಮೋಲ್ಟ್ಜ್ ಅದೇ ಮಿಷಿಗನ್ ರಾಜ್ಯದವನು. ಅಟ್ಲಾಂಟಾದಲ್ಲಿ ಎರಡು ದಶಕ ಆಡಿ 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದ. 1990ರಲ್ಲಿ ಬಾಸ್ಟನ್‌ನವರು ಬಾಸ್ಟನ್‌ನಲ್ಲೇ ಹುಟ್ಟಿದ ಜೆಫ್ ಬ್ಯಾಗ್‌ವೆಲ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟು ಲ್ಯಾರಿ ಆಂಡರ್ಸನ್ ಎಂಬ ಬೌಲಿಂಗ್ ಮಾಡುವವನನ್ನು, ಅವರ ಮಾತಿನಲ್ಲಿ ಪಿಚರ್‌ನನ್ನು, ತಂದರು. ಆಂಡರ್ಸನ್ ಅವರಿಗೆ ಆಡಿಕೊಟ್ಟದ್ದು 22 ಇನಿಂಗ್ಸ್. ಬ್ಯಾಗ್‌ವೆಲ್ ಹ್ಯೂಸ್ಟನ್‌ಗೆ 449 ಹೋಮ್ ರನ್ ಹೊಡೆದ.

ಆದರೆ 2016ರಲ್ಲಿ ಶಿಕಾಗೊ ಕಬ್ಸ್ ಹತ್ತೊಂಬತ್ತರ ಗ್ಲೇಬರ್ ಟೊರೆಸ್‌ನನ್ನು ಕೊಟ್ಟು ಆರೋಲ್ಡಿಸ್ ಚಾಪ್‌ಮನ್‌ನನ್ನು ತಂದಿತು, 1908ರ ನಂತರ ಮೊದಲ ಸಲ ಚಾಂಪಿಯನ್ ಆಯಿತು. ಅವರನ್ನು ನಾನು ಬೈಯುವುದಿಲ್ಲ. ಅವರು ಬಾಗಿಲಿಗೆ ಬಂದು ನಿಂತಿದ್ದರು, ಒಂದು ತಳ್ಳು ಬೇಕಿತ್ತು. ಹಿಂದಿನ ವರ್ಷ ಐದನೆಯದಾಗಿದ್ದ ಆರ್‌ಸಿಬಿ 2014ರಲ್ಲಿ ಯಾವ ಬಾಗಿಲಲ್ಲಿ ನಿಂತಿತ್ತು?

ಇನ್ನೊಂದು ಸಂಗತಿ, ಲೆಕ್ಕ ಹಾಕುವವರು ಮರೆಯುವಂಥದ್ದು. ಹೋರಿಗೆ ಹೊಸ ಮನೆಯ ಮೇವು ಒಗ್ಗಬೇಕು. ಪಡಿಕ್ಕಲ್ 2020ರಲ್ಲಿ ಆರ್‌ಸಿಬಿಗೆ ಓಪನರ್ ಆಗಿ 473 ರನ್ ಹೊಡೆದ, ಮರುವರ್ಷ ಒಂದು ಶತಕ. 2022ರಲ್ಲಿ 7.75 ಕೋಟಿಗೆ ರಾಜಸ್ಥಾನಕ್ಕೆ ಹೋದ. ಅಲ್ಲಿ ಅವನನ್ನು ಹೆಚ್ಚಾಗಿ ಕೆಳಗಿನ ಕ್ರಮಾಂಕಕ್ಕೆ ತಳ್ಳಿದರು. ಆಮೇಲೆ ಆವೇಶ್ ಖಾನ್ ಜೊತೆ ಅದಲು-ಬದಲಾಗಿ ಲಖನೌಗೆ. 2024ರಲ್ಲಿ ಅಲ್ಲಿ ಏಳು ಪಂದ್ಯಕ್ಕೆ 38 ರನ್. ಹರಾಜಿನ ಮೊದಲ ಸುತ್ತಿನಲ್ಲಿ ಅವನನ್ನು ಕೇಳುವವರಿರಲಿಲ್ಲ, ಕೊನೆಗೆ ಮೂಲಬೆಲೆ 2 ಕೋಟಿಗೆ ಆರ್‌ಸಿಬಿಯೇ ಕೊಂಡಿತು. ಬಂದು 10 ಪಂದ್ಯದಲ್ಲಿ 247 ಹೊಡೆದು ಆ ಕಪ್ಪಿನಲ್ಲಿ ತನ್ನ ಪಾಲು ಹಾಕಿದ. ಮೂರು ವರ್ಷ ಯಾರಿಗೆ ಲಾಭವಾಯಿತು? ಕೃಷ್ಣಪ್ಪ ಗೌತಮ್ ಕಥೆ ಇನ್ನೂ ವಿಚಿತ್ರ. ಮುಂಬೈ, ರಾಜಸ್ಥಾನ, ಪಂಜಾಬ್ ಸುತ್ತಿ 2021ರಲ್ಲಿ 9.25 ಕೋಟಿಗೆ ಚೆನ್ನೈಗೆ ಹೋದ, ಆ ಸೀಸನ್ನಿನಲ್ಲಿ ಒಂದೂ ಪಂದ್ಯ ಆಡಿಸಲಿಲ್ಲ. ದುಡ್ಡು ಸಿಕ್ಕಿತಲ್ಲ ಅನ್ನುವಿರಿ. ಸಿಕ್ಕಿತು. ಆಟ?

ರಾಯಬಾಗದಲ್ಲಿ ಕೂತವನಿಗೆ ಇದೆಲ್ಲ ಯಾಕೆ ಬೇಕು ಅಂತ ಬೆಂಗಳೂರಿನ ಗೆಳೆಯರೊಬ್ಬರು ಕೇಳಿದರು. ಕಾರಣ ಇದೆ. ನಮ್ಮ ಹುಡುಗರು ಕಬ್ಬು ಕಡಿದ ಹೊಲದಲ್ಲಿ ಟೆನಿಸ್ ಬಾಲ್ ಆಡುತ್ತಾರೆ. ಬೆಂಗಳೂರು ಇಲ್ಲಿಂದ ಒಂದು ರಾತ್ರಿಯ ರೈಲು. ಹಿಂದೆ ಕೆಪಿಎಲ್‌ನಲ್ಲಿ ಹೆಸರಿಗಾದರೂ ಒಂದು ಬೆಳಗಾವಿ ತಂಡವಿತ್ತು. 2022ರಲ್ಲಿ ಮಹಾರಾಜ ಟ್ರೋಫಿ ಶುರುವಾದಾಗ ಆರು ತಂಡಗಳಲ್ಲಿ ಹುಬ್ಬಳ್ಳಿ, ಗುಲ್ಬರ್ಗ ಸೇರಿದವು, ಬೆಳಗಾವಿ ಬಿತ್ತು. ರಾಯಚೂರು ಕಡೆಯ ಮನೋಜ್ ಭಾಂಡಗೆ ಆರ್‌ಸಿಬಿಯಲ್ಲಿ ಮೂರು ವರ್ಷ ಹೆಚ್ಚುಕಡಿಮೆ ಬೆಂಚಿನಲ್ಲೇ ಕೂತು 2025ರ ನವೆಂಬರಿನಲ್ಲಿ ಹೊರಬಿದ್ದ. ಅವನು ಕೊಹ್ಲಿ ಆಗುತ್ತಿದ್ದ ಅಂತ ನಾನು ಹೇಳುತ್ತಿಲ್ಲ. ಆಗುತ್ತಿದ್ದನೋ ಇಲ್ಲವೋ ಎಂದು ನೋಡುವಷ್ಟು ಪಂದ್ಯವನ್ನೇ ಕೊಡಲಿಲ್ಲ. ಮೂರು ಸೀಸನ್ ಸೋತ ಕೊಹ್ಲಿಗೆ ಸಿಕ್ಕ ತಾಳ್ಮೆಯಲ್ಲಿ ಕಾಲುಭಾಗ ಸಿಕ್ಕಿದ್ದರೂ ಸಾಕಿತ್ತು.

ನಾನು ಕೇಳುವುದು ದೊಡ್ಡದೇನಲ್ಲ. ಮುಂದಿನ ದೊಡ್ಡ ಹರಾಜಿಗೆ ಉಳಿಸಿಕೊಳ್ಳುವ ಪಟ್ಟಿಯಲ್ಲಿ ಇಪ್ಪತ್ಮೂರರ ಒಳಗಿನ ಇಬ್ಬರಿರಲಿ, ಯಾವ ರಾಜ್ಯದವರಾದರೂ ಆಗಲಿ. ಆ ಇಬ್ಬರಿಗೆ ಮೂರು ಸೀಸನ್ ಗ್ಯಾರಂಟಿ ಕೊಡಲಿ, ಬೆಂಚಿನ ಗ್ಯಾರಂಟಿ ಅಲ್ಲ, ಕ್ರೀಸಿನದು. ಇದು ದಂಡ ಅನ್ನುವ ಗೆಳೆಯರು ದಯವಿಟ್ಟು ಬರೆಯಿರಿ, ಆದರೆ 2025ರ ಕಪ್ ತೋರಿಸಬೇಡಿ. 2014ರ ಆ 14 ಕೋಟಿಯನ್ನು ಸಮರ್ಥಿಸಿ ಬರೆಯಿರಿ, ಖಂಡಿತ ಓದುತ್ತೇನೆ.