ಸರೋವರಕ್ಕೊಂದು ಕಟಾಂಜನ

ಬೆಟ್ಟವನ್ನೇರಿದವನನ್ನು ಲೋಕವು ಕೊಂಡಾಡುತ್ತದೆ. ಬಯಲಿನಲ್ಲಿ ಸಾಗಿದವನನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಫ್ರಾನ್ಸ್ ದೇಶದ ಆನ್ಸಿ ಪಟ್ಟಣದ ಸುತ್ತಣ ಬೈಸಿಕಲ್ ದಾರಿಗಳ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಆದರೆ ಆ ಊರಿನ ನಿಜವಾದ ಹಿರಿಮೆಯಿರುವುದು ಅಲ್ಲಿಯ ಏರುದಾರಿಗಳಲ್ಲಲ್ಲ, ಸಮದಾರಿಯಲ್ಲಿ ಎಂಬುದು ನನ್ನ ಅಭಿಮತ.

ಆಲ್ಪ್ಸ್ ಪರ್ವತಗಳ ಮಡಿಲಲ್ಲಿ, ಸಮುದ್ರಮಟ್ಟದಿಂದ ಸುಮಾರು 446 ಮೀಟರು ಎತ್ತರದಲ್ಲಿ, 14 ಕಿಲೋಮೀಟರಿಗೂ ಮಿಕ್ಕ ಉದ್ದದ ಆನ್ಸಿ ಸರೋವರವಿದೆ. ಅದರ ಉತ್ತರದ ತುದಿಯಲ್ಲಿ ಪಟ್ಟಣ. ಒಂದು ಪಕ್ಕದಲ್ಲಿ ಸೆಮ್ನೊ ಬೆಟ್ಟ, ಎದುರು ದಡದಾಚೆ ತೂರ್ನೆತ್ ಶಿಖರ. ಸಾಹಸಪ್ರಿಯನಾದ ಸವಾರನು ಪಟ್ಟಣದ ಅಂಚಿನಿಂದಲೇ ಕಾಡಿನ ನಡುವಣ ದಾರಿಯಲ್ಲಿ ಸೆಮ್ನೊವನ್ನೇರಬಹುದು. ಬಾನು ತಿಳಿಯಾಗಿದ್ದ ದಿನ ಅಲ್ಲಿಂದ ಮಾಂಬ್ಲಾ ಶಿಖರದ ಹಿಮವು ಕಾಣುತ್ತದೆ. 2013ರಲ್ಲಿ ನಡೆದ ನೂರನೆಯ ‘ತೂರ್ ದ ಫ್ರಾನ್ಸ್’ ಪಂದ್ಯದ ಕೊನೆಯ ಹಿಂದಿನ ದಿನದ ಓಟವು ಈ ಬೆಟ್ಟದ ಮೇಲೆಯೇ ಮುಗಿದು, ಕೊಲಂಬಿಯಾ ದೇಶದ ಕಿಂತಾನಾ ಅಂದು ಗೆದ್ದನು. ಇನ್ನೊಂದು ದಾರಿಯು ಪೂರ್ವದಡದ ತಾಲ್ವಾರ್ ಗ್ರಾಮದ ಕಡೆಯಿಂದ ಸುಮಾರು 1150 ಮೀಟರು ಎತ್ತರದ ಫೋರ್ಕ್ಲಾ ಕಣಿವೆದಾರಿಗೆ ಏರುತ್ತದೆ. ಅಲ್ಲಿ ನಿಂತು ಹಿಂತಿರುಗಿ ನೋಡಿದರೆ, ಬಂದ ದಣಿವೆಲ್ಲ ಕೆಳಗಿನ ನೀಲಿ ನೀರಿನಲ್ಲಿ ಕರಗಿಹೋದಂತೆ ತೋರುತ್ತದೆ. ಈ ಸುಖವನ್ನು ಅಲ್ಲಗಳೆಯುವ ಅರಸಿಕನು ನಾನಲ್ಲ.

ಆದರೆ ಈ ಸುಖವು ಯಾರ ಪಾಲಿನದು? ಕಾಲಿನಲ್ಲಿ ಕಸುವೂ ಎದೆಯಲ್ಲಿ ಉಸಿರೂ ಇದ್ದವರ ಪಾಲಿನದು. ಇವೆರಡೂ ಇಲ್ಲದವರಿಗಾಗಿ ಆ ಊರಿನವರು ಮತ್ತೊಂದು ದಾರಿಯನ್ನು ಮಾಡಿದ್ದಾರೆ. ಸರೋವರವನ್ನು ಒಂದು ಸುತ್ತು ಬರಲು ಸುಮಾರು 40 ಕಿಲೋಮೀಟರು. ಪಶ್ಚಿಮದಡದಲ್ಲಿ ಒಂದು ಕಾಲಕ್ಕೆ ರೈಲು ಓಡುತ್ತಿತ್ತು. ರೈಲು ನಿಂತುಹೋದ ಮೇಲೆ ಆ ಹಾದಿಯನ್ನು ಮೋಟಾರುಗಳಿಗೆ ಒಪ್ಪಿಸದೆ ಬೈಸಿಕಲ್ಲುಗಳಿಗೂ ಕಾಲ್ನಡಿಗೆಯವರಿಗೂ ಬಿಟ್ಟುಕೊಟ್ಟರು. ಕಡಿದಾದ ಏರನ್ನು ರೈಲು ಹತ್ತಲಾರದು. ಆದಕಾರಣ ಅಂದಿನ ಶಿಲ್ಪಿಗಳು ನೆಲವನ್ನು ಹದವಾಗಿ ಮಟ್ಟಮಾಡಿದ್ದರು, ದ್ವಾಂ ಗ್ರಾಮದ ಬಳಿ ಅಡ್ಡ ನಿಂತ ಗುಡ್ಡವನ್ನು ಕೊರೆದು ಸುರಂಗವನ್ನೇ ತೆಗೆದಿದ್ದರು. ಉಗಿಬಂಡಿಗಾಗಿ ಪಟ್ಟ ಆ ಶ್ರಮದ ಫಲವನ್ನು ಇಂದು ಎಂಟು ವರ್ಷದ ಮಗುವೂ ಎಪ್ಪತ್ತರ ಮುದುಕಿಯೂ ಉಣ್ಣುತ್ತಿದ್ದಾರೆ.

ಈ ವರ್ತುಲದಂತೆಯೇ ಸರೋವರದ ಸುತ್ತ, ಕಣ್ಣಿಗೆ ಬೀಳದ, ಇನ್ನೊಂದು ವರ್ತುಲವಿದೆ. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ದಡದ ಊರುಗಳ ಕೊಳಚೆಯು ನೀರಿಗೆ ಸೇರಿ, ಸರೋವರವು ಕೆಡತೊಡಗಿತ್ತು. ಪಾಲ್ ಸೆರ್ವೆತ್ತಾ ಎಂಬ ವೈದ್ಯರು ಎಚ್ಚರಿಕೆಯ ದನಿಯೆತ್ತಿದರು. ನಗರಾಧ್ಯಕ್ಷರಾಗಿದ್ದ ಶಾರ್ಲ್ ಬೊಸ್ಸೊಂ ಅವರ ಕಾಲದಲ್ಲಿ, 1957ರಲ್ಲಿ, ದಡದ ಊರುಗಳು ಒಂದು ಸಂಘವಾಗಿ ಕೂಡಿದವು. ಕೊಳಚೆಯನ್ನು ಸರೋವರಕ್ಕೆ ಬಿಡದೆ, ಅದರ ಸುತ್ತಲೂ ಹೂಳಿದ ಕೊಳವೆಗಳಲ್ಲಿ ಹಿಡಿದು, ಶುದ್ಧೀಕರಣಕ್ಕಾಗಿ ದೂರ ಸಾಗಿಸುವ ಏರ್ಪಾಡಾಯಿತು. ಒಂದು ಊರು ಒಲ್ಲೆನೆಂದಿದ್ದರೂ ಮಿಕ್ಕವರ ದುಡಿಮೆ ವ್ಯರ್ಥವಾಗುತ್ತಿತ್ತು. ಇಂದು ಪಟ್ಟಣಕ್ಕೆ ಕುಡಿಯುವ ನೀರು ಬರುವುದು ಅದೇ ಸರೋವರದಿಂದ. ಪ್ರವಾಸಿಯು ಇದನ್ನೆಲ್ಲ ಪ್ರಕೃತಿಯ ವರವೆಂದು ಬಣ್ಣಿಸಿ ಮನೆಗೆ ಹೋಗುತ್ತಾನೆ. ವರವೇನೋ ಹೌದು, ಅದನ್ನು ಉಳಿಸಿಕೊಂಡದ್ದು ಮಾತ್ರ ಮನುಷ್ಯರ ವಿವೇಕ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಪಟ್ಟಣ ಹೊಸದಲ್ಲ. 1728ರಲ್ಲಿ, ಹದಿನೈದರ ಹುಡುಗ ರೂಸೋ ಮದಾಂ ದ ವಾರಾಂಸ್ ಅವರನ್ನು ಮೊದಲು ಕಂಡದ್ದು ಇಲ್ಲಿಯೇ. ಆ ಭೇಟಿಯ ಸ್ಥಳಕ್ಕೆ ಚಿನ್ನದ ಕಟಾಂಜನವಿರಬೇಕೆಂಬ ಹಂಬಲವನ್ನು ಆತನು ಆತ್ಮಕಥೆಯಲ್ಲಿ ತೋಡಿಕೊಂಡನು. ಇನ್ನೂರು ವರ್ಷಗಳ ತರುವಾಯ, 1928ರಲ್ಲಿ, ಪಟ್ಟಣವು ಅದನ್ನು ನಡೆಸಿಕೊಟ್ಟಿತು. ಪ್ರೀತಿಸಿದ್ದನ್ನು ಬೇಲಿ ಕಟ್ಟಿ ಕಾಯಬೇಕೆಂಬುದು ಕವಿಹೃದಯದ ಆಸೆ. ಆದರೆ ಚಿನ್ನದ ಕಟಾಂಜನವು ಜನರನ್ನು ಹೊರಗೆ ನಿಲ್ಲಿಸುತ್ತದೆ. ನೆಲದೊಳಗಣ ಆ ಕೊಳವೆಯ ಕಟಾಂಜನವು ಕೊಳೆಯನ್ನು ಹೊರಗೆ ನಿಲ್ಲಿಸಿ, ಜನರನ್ನು ಒಳಗೆ ಕರೆಯುತ್ತದೆ. ಇವೆರಡರಲ್ಲಿ ಯಾವುದು ಹೆಚ್ಚಿನ ಪ್ರೀತಿಯೆಂಬುದನ್ನು ವಾಚಕರೇ ನಿರ್ಣಯಿಸಲಿ.

ಬೇಸಿಗೆಯ ರಜಾದಿನಗಳಲ್ಲಿ ಈ ಸಮದಾರಿಯು ಜನರಿಂದ ಕಿಕ್ಕಿರಿಯುತ್ತದೆ. ಬೆಟ್ಟಕ್ಕೆಂದು ಹೊರಟ ವೇಗದ ಸವಾರನಿಗೆ ನಿಧಾನವಾಗಿ ಸಾಗುವ ಮಗುವು ಅಡಚಣೆಯೆಂದು ತೋರಬಹುದು. ಆಗ ಆತನು ತಡೆ ಒತ್ತಿ ತನ್ನ ವೇಗವನ್ನು ತಗ್ಗಿಸುವುದೇ ಉಚಿತ. ಆತನ ಬಲಕ್ಕೆ ಎರಡು ಬೆಟ್ಟಗಳು ಕಾದಿವೆ; ಆ ಮಗುವಿಗೆ ಇರುವುದು ಇದೊಂದೇ ದಾರಿ.